ನಮ್ಮ ಮಾವ ಡಬ್ಬ ಪಾಲು ಮಾಡಿದ್ದು

ಹುಲಿಕುಂಟೆ ಕಡೆ ಅಣ್ಣತಮ್ಮಂದಿರು ಬೇರೆಯಾಗಬೇಕೆಂದರೆ ವಕೀಲರಿಗಿಂತ ಮೊದಲು ಕರೆಸುವುದು ನನ್ನ ಸೋದರಮಾವ ಕದಿರಯ್ಯನನ್ನು. ಪಾಲಿನ ಕದಿರಯ್ಯ ಎಂದೇ ಹೆಸರು. ನಲವತ್ತು ವರ್ಷದಲ್ಲಿ ನೂರಾರು ಮನೆ ಒಡೆದಿದ್ದಾನೆ, ಒಂದು ಕಡೆಯೂ ತಲೆ ಒಡೆಯಲು ಬಿಟ್ಟಿಲ್ಲ. ಸಣ್ಣ ಮಾತಲ್ಲ, ನಾನೂ ಒಪ್ಪುತ್ತೇನೆ. ಹುಣಸೆಮರವನ್ನು ಕೊಂಬೆ ಎಣಿಸಿ ಹಂಚಿದ್ದಾನೆ. ಬಾವಿಯನ್ನು ದಿನ ಬಿಟ್ಟು ದಿನ ಕೊಟ್ಟಿದ್ದಾನೆ. ಒಂದೇ ಹಸುವಿದ್ದ ಮನೆಯಲ್ಲಿ ಬೆಳಗಿನ ಹಾಲು ಅಣ್ಣನಿಗೆ, ಸಂಜೆ ಹಾಲು ತಮ್ಮನಿಗೆ ಎಂದು ತೀರ್ಮಾನ ಹೇಳಿ, ಸಗಣಿ ಯಾರದ್ದು ಎಂಬುದಕ್ಕೆ ಮಾತ್ರ ಎರಡನೇ ಸಲ ಹೋಗಿ ಬಂದಿದ್ದಾನೆ. "ಹಾಕಿದ ಗೆರೆ ಅಳಸ್ದೋನಲ್ಲ ಕಣಮ್ಮಿ ನಿಮ್ಮಾವ" ಎನ್ನುವುದು ಅವನ ಜಂಬ.

ಅವನ ಪಟ್ಟಿಯಲ್ಲಿ ತಾಯಂದಿರೂ ಬರುತ್ತಾರೆ. ಒಂದು ತಿಂಗಳು ದೊಡ್ಡ ಮಗನ ಮನೆ, ಒಂದು ತಿಂಗಳು ಚಿಕ್ಕವನ ಮನೆ. ತಿಂಗಳೆಂದರೆ ಮೂವತ್ತೇ ದಿನ. ತನ್ನ ತಾಯಿಯನ್ನೂ, ಅಂದರೆ ನನ್ನ ಅಜ್ಜಿಯನ್ನೂ, ತನಗೂ ತಮ್ಮನಿಗೂ ಹೀಗೆಯೇ ಹಂಚಿಕೊಂಡ. ಮೂವತ್ತೊಂದನೇ ತಾರೀಕು ಯಾರ ಪಾಲಿಗೂ ಸೇರದ ಕಾರಣ ಅಜ್ಜಿ ಆ ದಿನ ಕೈಚೀಲ ಹಿಡಿದು, ಬಸ್ಸು ಹತ್ತಿ, ಸಿರಾದಲ್ಲಿದ್ದ ನಮ್ಮ ಮನೆಗೆ ಬರುತ್ತಿದ್ದಳು. ಸಾಯುವವರೆಗೂ, ವರ್ಷಕ್ಕೆ ಏಳು ಸಲ. ಮಾವನ ಮೇಲೆ ನನಗೆ ಪ್ರೀತಿಯಿದೆ, ಇಲ್ಲ ಎನ್ನುವುದಿಲ್ಲ. ಆದರೆ ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನೀಗ ಸಿರಾ ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಹೋದ ವರ್ಷ ಗೌರಿಹಬ್ಬ ಕಳೆದ ವಾರ ಮಾವ ಫೋನ್ ಮಾಡಿದ.

"ಅಶ್ವಿನಿ, ಒಂದು ಡಬ್ಬ ಪಾಲು ಮಾಡ್ದೆ ಕಣಮ್ಮಿ. ಅದ್ಯಾಕೋ ಖಾಲಿ ಆಗೋಗೈತೆ. ವಸಿ ಬಂದು ನೋಡ್ಬುಟ್ಟು ಹೋಗು."

ಡಬ್ಬವಿದ್ದದ್ದು ತೀರಿಹೋದ ಸಣ್ಣರಂಗಯ್ಯ ಮೇಷ್ಟ್ರ ಮನೆಯಲ್ಲಿ. ಮೇಷ್ಟ್ರು ನಿವೃತ್ತರಾದ ಮೇಲೆ, ಬಾಗಿಲು ಹಾಕಿದ ಸೈಬರ್ ಕೆಫೆಯೊಂದರಿಂದ ಹಳೇ ಕಂಪ್ಯೂಟರ್ ತಂದು, ದೊಡ್ಡ ಡಿಸ್ಕ್ ಹಾಕಿಸಿ, ನಡುಮನೆಯಲ್ಲಿ ಸರ್ವರ್ ಮಾಡಿ ಇಟ್ಟಿದ್ದರು. ಮನೆಯವರ ಫೋಟೊ, ಮದುವೆ ವಿಡಿಯೊ, ಪಹಣಿ, ಅಂಕಪಟ್ಟಿ ಎಲ್ಲ ಅದರೊಳಗೆ. ಯಾರ ಫೋನಿನಲ್ಲಾದರೂ, ಟಿವಿಯಲ್ಲಾದರೂ ತೆಗೆದು ನೋಡಬಹುದಾಗಿತ್ತು.

ಮೇಷ್ಟ್ರ ಹೆಂಡತಿ ಪಟಾಲಮ್ಮನಿಗೆ ಅದರಲ್ಲಿ ಬೇಕಾದದ್ದು ಒಂದೇ ಒಂದು ವಿಡಿಯೊ. ಒಂದೂವರೆ ನಿಮಿಷದ್ದು. ಮೇಷ್ಟ್ರು "ಲೇ ಇವಳೇ, ನನ್ ಎಲೆಅಡಿಕೆ ಸಂಚಿ ಎಲ್ಲಿಕ್ಕಿದ್ದೀಯೆ?" ಎನ್ನುತ್ತಾ ಗೋಡೆಯ ಗೂಡು, ಮಂಚದ ಕೆಳಗೆ, ರಾಗಿ ಡ್ರಮ್ಮಿನ ಹಿಂದೆ ಎಲ್ಲ ತಡಕಾಡಿ, ಕೊನೆಗೆ ತಮ್ಮ ಪಂಚೆಯ ಸೊಂಟದಲ್ಲೇ ಸಂಚಿ ಸಿಕ್ಕಿ ನಗುವುದು. ಅಷ್ಟೇ. ಅವರು ಹೋದ ಮೂರು ವರ್ಷದಿಂದ ಆಕೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂರುತ್ತಿದ್ದಳು. ಅವರು ಕೇಳಿದ ಕೂಡಲೇ "ನಿನ್ ಸೊಂಟದಾಗೇ ಐತೆ, ನೋಡ್ಕ" ಎಂದು ಉತ್ತರ ಕೊಟ್ಟು, ಅವರು ನಕ್ಕ ಮೇಲೆ ಕಾಫಿ ಮುಗಿಸಿ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು. ನಾನು ಹೋದಾಗ ವಿಡಿಯೊ ಕಾಣದೆ ಐದು ದಿನವಾಗಿತ್ತು. ಐದು ದಿನದಿಂದ ಆಕೆ ಕಾಫಿ ಮುಟ್ಟಿರಲಿಲ್ಲ.

ಪಾಲಿನ ದಿನ ನಡೆದದ್ದನ್ನು ಕೇಳಿ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೊಲ, ಕೊಟ್ಟಿಗೆ, ಪಾತ್ರೆಪಗಡ, ತಿಂಗಳಿಗೊಬ್ಬರ ಮನೆಯಂತೆ ಪಟಾಲಮ್ಮ, ಎಲ್ಲ ಮುಗಿದ ಮೇಲೆ ಡಬ್ಬ ಉಳಿಯಿತು. ದೊಡ್ಡ ಮಗ ರಂಗೇಶ್ ನನಗಿರಲಿ ಎಂದ. ಚಿಕ್ಕವನು ನಾಗಭೂಷಣ್ ಅದು ಹೆಂಗಾಯ್ತದೆ ಎಂದ. ಮಾವ ಡಬ್ಬವನ್ನು ಮೂಡಲಿಗೆ ಮುಖ ಮಾಡಿ ಇಡಿಸಿ, ಡಿಸ್ಕಿನ ಅಳತೆ ಕೇಳಿ, ಸರಿಯಾಗಿ ಅರ್ಧಕ್ಕೆ ಗೆರೆ, ಮೊದಲರ್ಧ ಹಿರಿಯನಿಗೆ ಎಂದು ತೀರ್ಮಾನ ಕೊಟ್ಟ. ನಾಗಭೂಷಣ್ ಫೋನಿನಲ್ಲಿ ಯಾರದೋ ಪಾಠ ನೋಡಿಕೊಂಡು, ಇದ್ದ ಒಂದು ಭಾಗವನ್ನು ಅಳಿಸಿ ಎರಡು ಸಮಭಾಗ ಮಾಡಿದ. ಎರಡೂ ಖಾಲಿ ಕಂಡವು. ಫೋಟೊಗಳೆಲ್ಲ ಅರ್ಧರ್ಧವಾಗಿ ಬಂದು ತಮ್ಮ ತಮ್ಮ ಪಾಲಿನಲ್ಲಿ ಕೂರುತ್ತವೆಂದು ಮೂವರು ಗಂಡಸರೂ ಸಂಜೆಯವರೆಗೆ ಕಾದಿದ್ದಾರೆ.

ಅಷ್ಟಕ್ಕೇ ನಿಂತಿದ್ದರೆ ನನಗೆ ಹತ್ತು ನಿಮಿಷದ ಕೆಲಸ. ಆದರೆ ಪಾಲಿಗೆ ಬಂದ ಹೊಲದಲ್ಲಿ ಅವತ್ತೇ ನಾಲ್ಕು ಸಾಲು ಉತ್ತು ಸ್ವಾಧೀನ ತೋರಿಸುವುದು ನಮ್ಮ ಕಡೆಯ ಪದ್ಧತಿ. ರಂಗೇಶ್ ತನ್ನ ಅರ್ಧವನ್ನು ಫಾರ್ಮ್ಯಾಟ್ ಮಾಡಿ, ದಿನಕ್ಕೊಂದರಂತೆ ತನ್ನ ಎಮ್ಮೆಯ ವಿಡಿಯೊ ತುಂಬುತ್ತಿದ್ದ.

"ಬೀಳು ಬುಟ್ರೆ ನಾಳೆ ಅವ್ನು ಒತ್ತರಿಸ್ಕಂಬುಟ್ರೆ?" ಎಂದು ನನ್ನನ್ನೇ ಕೇಳಿದ.

ನಾನು ವೈರು ಕಿತ್ತು ಹಾಕಿದೆ. "ಅಳಿಸಿದ್ದೆಲ್ಲ ಇನ್ನೂ ಒಳಗೇ ಇರುತ್ತೆ ರಂಗೇಶಣ್ಣ, ಅದರ ಮೇಲೆ ಬೇರೆ ಏನಾದ್ರೂ ಬರೆಯೋವರೆಗೆ. ಇನ್ನೊಂದು ಎಮ್ಮೆ ಇದರೊಳಕ್ಕೆ ಹೋದ್ರೆ ನಿಮ್ಮಪ್ಪ ಪೂರ್ತಿ ಹೋಗ್ತಾರೆ."

ಡಿಸ್ಕನ್ನು ಅಂಗಡಿಗೆ ಒಯ್ಯಲು ಇಬ್ಬರೂ ಬಿಡಲಿಲ್ಲ. ಊರು ದಾಟಿದರೆ ಯಾರ ಭಾಗದಿಂದ ಏನು ಉದುರುತ್ತದೋ ಎಂಬ ಅನುಮಾನ. ಸರಿ, ನಡುಮನೆಯಲ್ಲೇ ಕೂತು ಇಡೀ ಡಿಸ್ಕನ್ನು ನಾನು ತಂದ ಖಾಲಿ ಡಿಸ್ಕಿಗೆ ನಕಲು ಮಾಡಲು ಹಚ್ಚಿದೆ. ಅದಕ್ಕೇ ಒಂದು ದಿನ ಹಿಡಿಯಿತು. ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ ಕಾವಲು ಕೂತಿದ್ದರು. ಮರುದಿನ ಮೊದಲರ್ಧವನ್ನು ಜಾಲಾಡಿದಾಗ ಹೆಸರಿಲ್ಲದ ತುಣುಕುಗಳ ನಡುವೆ ಮೇಷ್ಟ್ರು ಸಿಕ್ಕರು.

ಪಟಾಲಮ್ಮನನ್ನು ಕರೆದು ಟಿವಿಗೆ ಹಾಕಿದೆ. ಮೇಷ್ಟ್ರು ಸಂಚಿ ಎಲ್ಲಿ ಎಂದರು. ಆಕೆ ಸೊಂಟದಾಗೈತೆ ಎಂದಳು. ಅವರು ಗೂಡು ತಡಕಿದರು, ಮಂಚದ ಕೆಳಗೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ವಿಡಿಯೊ ಅಲ್ಲಿಗೆ ನಿಂತಿತು. ಉಳಿದದ್ದು ಗೆರೆಯ ಆಚೆ, ನಾಗಭೂಷಣನ ಅರ್ಧದಲ್ಲಿತ್ತು.

"ಹೇಳಿದ್ನಲ್ಲ, ಸೊಂಟದಾಗೈತೆ ಅಂತ," ಎಂದಳು ಪಟಾಲಮ್ಮ. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ, "ಇನ್ನೂ ಬಗ್ಗೇ ಅವ್ನಲ್ಲ ತಾಯಿ, ಸೊಂಟ ನೋಯಾಕಿಲ್ವ?" ಎಂದಳು.

ರಂಗೇಶನಿಗೆ ಬೇರೆಯೇ ಚಿಂತೆ. "ಹುಡ್ಕೋ ಅಪ್ಪ ನನ್ ಪಾಲ್ಗೆ, ನಗೋ ಅಪ್ಪ ಅವ್ನ ಪಾಲ್ಗೆ. ಇದ್ಯಾವ ನ್ಯಾಯ ಕದಿರಯ್ಯ ಮಾವ?"

"ಅದ್ಲುಬದ್ಲು ಬೇಕಾದ್ರೆ ಎಮ್ಮೆ ಕೊಡು, ನೋಡಾನ," ಎಂದ ನಾಗಭೂಷಣ್.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಗೆರೆ ಅಳಿಸಿ ಡಿಸ್ಕನ್ನು ಮೊದಲಿನಂತೆ ಒಂದೇ ಮಾಡಿದರೆ ಮೇಷ್ಟ್ರು ಏಳುತ್ತಾರೆ, ಇಲ್ಲವಾದರೆ ಹೀಗೇ ಬಗ್ಗಿಕೊಂಡಿರುತ್ತಾರೆ, ಯಾವುದು ಬೇಕೋ ಹೇಳಿ ಎಂದು ಎದ್ದು ನಿಂತೆ. ಎಲ್ಲರೂ ಮಾವನ ಮುಖ ನೋಡಿದರು. ಮಾವ ಟಿವಿಯನ್ನೇ ನೋಡುತ್ತಿದ್ದ. ಆ ಸಂಚಿಯಿಂದ ಅವನೂ ಮೂವತ್ತು ವರ್ಷ ಎಲೆ ಹಾಕಿದವನು.

"ಅಳ್ಸು," ಎಂದ ಕೊನೆಗೆ. "ಆದ್ರೆ ಯಾರ್ಗೂ ಹೇಳ್ಬ್ಯಾಡ."

ಹೇಳುವುದಿಲ್ಲ ಎಂದೆ. ಈಗ ಹೇಳುತ್ತಿದ್ದೇನೆ.

ಯಾವ ಫೈಲು ಎಲ್ಲಿದೆ ಎಂಬ ಹಳೆಯ ಪಟ್ಟಿಯ ನಕಲುಗಳು ಡಿಸ್ಕಿನಲ್ಲೇ ಅಲ್ಲಲ್ಲಿ ಇರುತ್ತವೆ. ಎಮ್ಮೆ ತುಳಿಯದೆ ಉಳಿದಿದ್ದ ಒಂದು ನಕಲನ್ನು ಹಿಡಿದು ಕಟ್ಟುತ್ತಾ ಹೋದೆ. ಮೂರನೇ ದಿನ ಮಧ್ಯಾಹ್ನಕ್ಕೆ ಹೆಚ್ಚುಕಮ್ಮಿ ಎಲ್ಲವೂ ಹೆಸರು ಸಮೇತ ಎದ್ದು ಬಂದವು. ಹೋದದ್ದರಲ್ಲಿ ದೊಡ್ಡದೆಂದರೆ ರಂಗೇಶನ ಮದುವೆ. ಧಾರೆ ಇರಬೇಕಾದ ಜಾಗವನ್ನು ಎಮ್ಮೆ ತಿಂದಿತ್ತು. ಅವನ ಹೆಂಡತಿ ಆ ಎಮ್ಮೆಗೆ ಎರಡು ದಿನ ಹುಲ್ಲು ಹಾಕಲಿಲ್ಲವಂತೆ.

ಮೇಷ್ಟ್ರು ಮಂಚದ ಕೆಳಗಿನಿಂದ ಎದ್ದರು. ಡ್ರಮ್ಮಿನ ಹಿಂದೆ ನೋಡಿದರು, ಸೊಂಟ ಮುಟ್ಟಿಕೊಂಡರು, ನಕ್ಕರು. ಪಟಾಲಮ್ಮ ಸೊಸೆಯನ್ನು ಕಾಫಿ ಕೇಳಿದಳು.

ಇಷ್ಟಕ್ಕೆ ಸುಮ್ಮನಿರದೆ ನಮ್ಮ ಮಾವ ಪಾಲಿನ ಪತ್ರ ಬಿಚ್ಚಿದ. "ಡಬ್ಬ ಒಡೆಯಂಗಿಲ್ಲ ಅಂತಾಯ್ತು. ತಿಂಗ್ಳಿಗೊಬ್ರ ಮನೇಲಿರ್ಲಿ. ಅವ್ವ ಅಣ್ಣನ ಮನೇಲಿದ್ದಾಗ ಡಬ್ಬ ತಮ್ಮನ ಮನೇಲಿ, ಅವ್ವ ತಮ್ಮನ ಮನೇಲಿದ್ದಾಗ ಡಬ್ಬ ಅಣ್ಣನ ಮನೇಲಿ. ಇಬ್ರಿಗೂ ಭಾರ ಸಮ ಆಯ್ತದೆ."

ಅಣ್ಣತಮ್ಮಂದಿರು ತಲೆಯಾಡಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಟಾಲಮ್ಮ ಲೋಟ ಕೆಳಗಿಟ್ಟಳು.

"ಕದಿರಣ್ಣ, ಎರಡೇ ಪಾಲು ಅಂತ ಯಾಕ್ ಬರ್ದೆ? ನಾನೇನು ಸತ್ತೋಗಿದ್ದೀನಾ?"

"ಅಂಗಲ್ಲ ಕಣಮ್ಮ, ನಡ್ಕಂಡು ಬಂದಿರೋದು..."

"ಒಡೆದ್ರೆ ಒಳಗಿರೋದು ಹಾಳಾಯ್ತದೆ ಅಂತ ಈ ಹುಡ್ಗಿ ಅಂದಿದ್ಕೆ ಡಬ್ಬದ ಗೆರೆ ಅಳ್ಸಿಸ್ದೆ. ನನ್ ಗೆರೆ ಯಾವಾಗ ಅಳುಸ್ತೀಯ? ನಡುಮನೆ ನಂದು, ಡಬ್ಬ ನಂದು, ಹೊಲ್ದಾಗೆ ಒಂದು ಪಾಲು ನಂದು. ಬರ್ಕ."

ರಂಗೇಶ್ ನೆಲ ನೋಡಿದ, ನಾಗಭೂಷಣ್ ಫೋನ್ ನೋಡಿದ. ಮಾವ ಹೊಸ ಹಾಳೆ ತೆಗೆದು ಜೇಬು ಮುಟ್ಟಿಕೊಂಡ. ಪತ್ರದ ಕೆಳಗೆ ತಡಕಿದ. ಎದ್ದು ಮಂಚದ ಕೆಳಗೆ ಬಗ್ಗಿದ.

"ನನ್ ಪೆನ್ನೆಲ್ಲಿ ಹೋಯ್ತು?"

"ನಿನ್ ಕಿವಿ ಮ್ಯಾಲೇ ಐತೆ, ನೋಡ್ಕ," ಎಂದಳು ಪಟಾಲಮ್ಮ.

ಮಾವ ನಿಧಾನವಾಗಿ ಬರೆದ. ನಾನು ಭುಜದ ಮೇಲಿಂದ ಓದಿದೆ. ಮೂರು ಪಾಲು. ಪಟಾಲಮ್ಮ ತನ್ನ ನಡುಮನೆಯಲ್ಲಿ ಡಬ್ಬದೊಂದಿಗೆ ಇರತಕ್ಕದ್ದು, ತಿಂಗಳ ಎಲ್ಲ ದಿನವೂ, ಮೂವತ್ತೊಂದನೇ ತಾರೀಕೂ ಸೇರಿ. ಆ ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ, ಅವನೇ ಬರೆದದ್ದು.

ಹೆಬ್ಬೆಟ್ಟು, ಸಹಿ ಎಲ್ಲ ಮುಗಿದು ನಾವಿಬ್ಬರೂ ರಸ್ತೆಗೆ ಬಂದೆವು. ಮಾವ ನನ್ನ ಮುಖ ನೋಡದೆ ಕೇಳಿದ.

"ನಿಮ್ಮಜ್ಜಿ ನಿಮ್ಮನೆಗೆ ಬರ್ತಿದ್ಲಲ್ಲ, ಯಾವ ಬಸ್ಸಿಗೆ ಬರ್ತಿದ್ಲು?"

"ಹತ್ತು ಗಂಟೇದಕ್ಕೆ ಮಾವ," ಎಂದೆ.