ಎಂಜಲು ವಾದ್ಯ

ನಮ್ಮ ಮನೆಯಲ್ಲಿ ಎರಡು ವಾದ್ಯಗಳಿದ್ದವು. ಅಣ್ಣನ ಮೃದಂಗಕ್ಕೆ ದೇವರ ಕೋಣೆಯ ಪಕ್ಕದಲ್ಲಿ ಜಾಗ, ಅಮ್ಮನೇ ಹೊಲಿದ ಗವಸು. ನನ್ನ ಬ್ಯಾಗ್‌ಪೈಪಿಗೆ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಹಿಂದೆ. ಎರಡೂ ತೊಗಲಿನವೇ. ಆದರೆ ಮೃದಂಗವನ್ನು ಕೈಯಲ್ಲಿ ನುಡಿಸುತ್ತಾರೆ, ನನ್ನದರ ಚೀಲಕ್ಕೆ ಬಾಯಲ್ಲಿ ಗಾಳಿ ಊದಬೇಕು. ಅಮ್ಮನ ಪ್ರಕಾರ ಅದು ಎಂಜಲು. ಅದನ್ನು ಮುಟ್ಟಿದ ಕೈಯಲ್ಲಿ ನಾನು ಕುಡಿಯುವ ನೀರು ಮುಟ್ಟುವಂತಿರಲಿಲ್ಲ.

"ಕೊಳಲೂ ಊದೋದೇ ಅಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಕೃಷ್ಣನ ಜೊತೆ ನಿನ್ನ ಹೋಲಿಸ್ಕೋಬೇಡ" ಎಂದಳು.

ಆಗ ನಾನು ಒಂಬತ್ತನೇ ತರಗತಿ. ಇಂದಿರಾನಗರದಲ್ಲಿ ವಿಮಾ ನೌಕರರ ಕ್ವಾರ್ಟರ್ಸ್, ಮೆಟ್ರೋದಲ್ಲಿ ಒಂದು ನಿಲ್ದಾಣ ಆಚೆ, ಹಲಸೂರಿನಲ್ಲಿ ಕಾನ್ವೆಂಟ್. ಅಲ್ಲಿನ ಹುಡುಗಿಯರು ನನ್ನ ಇಂಗ್ಲಿಷ್ ಕೇಳಿ ನಗುತ್ತಿದ್ದರು, ಟಿಫಿನ್ ಡಬ್ಬಿ ನೋಡಿ ನಗುತ್ತಿದ್ದರು. ಬ್ಯಾಂಡ್ ಮೇಷ್ಟ್ರು ಮಾತ್ರ ನನ್ನ ಉಸಿರು ನೋಡಿ, "ಇವಳ ಎದೇಲಿ ದಮ್ ಇದೆ" ಎಂದು ಶಾಲೆಯ ಬ್ಯಾಗ್‌ಪೈಪನ್ನು ಮನೆಗೆ ಕೊಟ್ಟರು. ಸೈನ್ಯದಿಂದ ನಿವೃತ್ತರಾಗಿ ಬಂದವರು, ಸುಮ್ಮನೆ ಹೊಗಳುವವರಲ್ಲ. ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೆ ದೆಹಲಿಗೆ ಹೋಗುವ ಬ್ಯಾಂಡ್ ತಂಡಕ್ಕೆ ದಸರಾ ರಜೆಯಲ್ಲಿ ಆಯ್ಕೆ ಇತ್ತು. ನನಗೆ ಬೇಕಿದ್ದದ್ದು ಅದೊಂದೇ. ದೆಹಲಿ ನೋಡುವ ಆಸೆಯಿಂದಲ್ಲ, ಆ ಹುಡುಗಿಯರ ಬಾಯಿ ಮುಚ್ಚಿಸುವ ಆಸೆಯಿಂದ.

ಮನೆಯಲ್ಲಿ ಅಭ್ಯಾಸ ಮಾಡುವುದು ಅಂದರೆ ಕ್ವಾರ್ಟರ್ಸಿಗೆಲ್ಲ ಶತ್ರುವಾಗುವುದು. ಮೊದಲ ತಿಂಗಳು ಚೀಲದಿಂದ ಬಂದದ್ದು ಬರೀ ಬುಸುಬುಸು. ಎರಡನೇ ತಿಂಗಳು ಸ್ವರ ಬಂತು, ಜೊತೆಗೆ ದೂರುಗಳೂ ಬಂದವು. ಕೆಳಗಿನ ಮನೆಯ ಅಂಕಲ್, "ಕರು ಹಾಕೋ ಎಮ್ಮೆ ಏನಾದ್ರೂ ಸಾಕಿದ್ದೀರಾ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಅವರ ಜೊತೆ ಸೇರಿ ನಕ್ಕರು. ನಾನು ಟೆರೇಸಿಗೆ ಹೋದೆ. ಒಣಹಾಕಿದ ಸೀರೆಗಳ ನಡುವೆ ನಿಂತು, ವಿಮಾನ ಕಾರ್ಖಾನೆ ಕಡೆಯಿಂದ ಹೆಲಿಕಾಪ್ಟರ್ ಬರುವುದನ್ನೇ ಕಾದು, ಅದರ ಸದ್ದಿನಲ್ಲಿ ನನ್ನ ಸದ್ದು ಸೇರಿಸುತ್ತಿದ್ದೆ. ತುಟಿ ಬಿರಿದು ಸಾರು ತಾಗಿದರೆ ಉರಿಯುತ್ತಿತ್ತು. ಒಂದು ದಿನ ಮಾತ್ರ, ಎಡಗೈ ಒತ್ತು, ಉಸಿರು, ಬೆರಳು ಮೂರೂ ಒಟ್ಟಿಗೆ ಕೂಡಿ, ಒಂದು ಇಡೀ ಮಾರ್ಚ್ ತಡೆಯಿಲ್ಲದೆ ಹೊರಟಿತು. ಅಂಥ ಸುಖ ಮತ್ತೆ ನನಗೆ ಸಿಕ್ಕಿಲ್ಲ. ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ನಾನು ಕೆಳಗೆ ಅಪ್ಪನ ಸ್ಕೂಟರ್ ತೊಳೆದು ಹೂ ಕಟ್ಟಿ ಬರುವಷ್ಟರಲ್ಲಿ, ಅಮ್ಮ ದೇವರ ಮುಂದೆ ಎಲ್ಲ ಜೋಡಿಸಿದ್ದಳು. ಚಾಕು, ಈಳಿಗೆಮಣೆ, ಮಿಕ್ಸಿ, ಅಣ್ಣನ ಮೃದಂಗ. ಅದರ ಪಕ್ಕದಲ್ಲಿ, ಕೊಳವೆಗೆ ಕುಂಕುಮ ಇಟ್ಟುಕೊಂಡು, ನನ್ನ ಬ್ಯಾಗ್‌ಪೈಪ್. ಕೊಳವೆಗಳು ಮಿರಮಿರ ಹೊಳೆಯುತ್ತಿದ್ದವು. ಅಮ್ಮ ಅದನ್ನು ಮುಟ್ಟಿದ್ದಳು.

ಪೂಜೆಗಿಟ್ಟ ವಸ್ತುವನ್ನು ಮಾರನೇ ದಿನ ದೇವರನ್ನು ಕದಲಿಸುವವರೆಗೂ ಬಳಸುವಂತಿಲ್ಲ. ಒಂದೂವರೆ ದಿನ ನಾನು ಅದನ್ನು ನೋಡುತ್ತಲೇ ಸಂತೋಷಪಟ್ಟೆ. ವಿಜಯದಶಮಿಯ ಸಂಜೆ ಟೆರೇಸಿಗೆ ಒಯ್ದು ಊದಿದೆ. ಸ್ವರವೇ ಇಲ್ಲ. ಊದಿದ ಗಾಳಿಯೆಲ್ಲ ಚೀಲದ ಹೊಲಿಗೆಯಿಂದ ಸೋರಿಹೋಯಿತು. ಕೊಳವೆ ಕಿತ್ತು ನೋಡಿದರೆ, ಒಳಗೆ ಸ್ವರ ಹುಟ್ಟಿಸುವ ಜೊಂಡಿನ ಪೀಪಿ ಸೀಳಿತ್ತು.

"ತೊಳೆದ್ಯಾ?" ಎಂದು ಕೆಳಗಿಳಿದು ಬಂದು ಅಮ್ಮನನ್ನು ಕೇಳಿದೆ.

"ತೊಳೀದೆ ಹೆಂಗಿಡೋದು ದೇವರ ಮುಂದೆ? ಎಂಜಲು ಕಣೆ. ಒಳಗೆಲ್ಲ ಅಂಟು ಬೇರೆ. ಬಿಸಿನೀರು ಹುಯ್ದು, ಸೀಗೇಪುಡಿ ಹಾಕಿ ಉಜ್ಜಿ, ಒಂದು ಗಳಿಗೆ ಬಿಸಿಲಿಗೆ ಹಿಡಿದೆ. ಆ ಪೀಪೀನೂ ಬ್ರಷ್ಷಲ್ಲಿ ತಿಕ್ಕಿದೀನಿ."

ಆ ಅಂಟು, ಗಾಳಿ ಸೋರದಿರಲೆಂದು ಮೇಷ್ಟ್ರು ಜೇನುತುಪ್ಪ, ಗ್ಲಿಸರಿನ್ ಕಾಯಿಸಿ ಚೀಲದೊಳಗೆ ಸವರಿದ್ದ ಲೇಪ. "ನೀನು ಮುಟ್ಟದೇ ಇದ್ದಿದ್ರೇ ಚೆನ್ನಾಗಿತ್ತು" ಎಂದೆ.

ಮಾರನೇ ಬೆಳಿಗ್ಗೆ ಆಯ್ಕೆಗೆ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿಕೊಂಡಳು. "ನಾನೇ ಹೇಳ್ತೀನಿ ನಿಮ್ಮ ಮೇಷ್ಟ್ರಿಗೆ, ನಿಂದೇನೂ ತಪ್ಪಿಲ್ಲ ಅಂತ." ಬೇಡವೆಂದರೂ ಕೇಳಲಿಲ್ಲ. ಅಡುಗೆಮನೆಯ ಸೀರೆಯಲ್ಲೇ ಇದ್ದಳು, ಬದಲಾಯಿಸುವಷ್ಟು ಹೊತ್ತು ನಾನು ಕಾಯಲಿಲ್ಲ. ಶಾಲೆಯ ಗೇಟು ಬಂದಾಗ ನಾನು ಹತ್ತು ಹೆಜ್ಜೆ ಮುಂದಿದ್ದೆ.

ಮೈದಾನದಲ್ಲಿ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಮೇಷ್ಟ್ರು ನನ್ನ ಚೀಲ ಹಿಂಡಿ ನೋಡಿದರು, ಕೊಳವೆಯ ಮೇಲಿನ ಕುಂಕುಮ ನೋಡಿದರು. ಪೀಪಿ ಬೇರೆ ಕೊಡಬಹುದು, ಚೀಲ ಸರಿಹೋಗಲು ವಾರ ಬೇಕು ಎಂದರು. ನನ್ನ ಜಾಗಕ್ಕೆ ಬೇರೆ ಹುಡುಗಿಯನ್ನು ಕರೆದರು. ಆಮೇಲೆ ಕೇಳಿದರು, "ಯಾರಮ್ಮಾ ತೊಳೆದಿದ್ದು ಇದನ್ನ? ಬುದ್ಧಿ ಇರೋರು ತೊಳೀತಾರಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಮನೆ ಕೆಲಸದವಳು, ಸರ್" ಎಂದೆ.

ಅಮ್ಮ ಅಷ್ಟರಲ್ಲಿ ನನ್ನ ಹಿಂದೆಯೇ ಬಂದು ನಿಂತಿದ್ದಳು. ಮೇಷ್ಟ್ರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೇನಮ್ಮಾ?" ಎಂದರು. ನಾನು ತಿರುಗಿ ನೋಡಲಿಲ್ಲ.

"ಹೌದು ಸಾರ್, ನಾನೇ" ಎಂದಳು ಅಮ್ಮ. "ತಪ್ಪಾಯ್ತು. ಗೊತ್ತಾಗ್ಲಿಲ್ಲ. ಮಗೂನ ಬೈಬೇಡಿ."