ಮೀನು ಡಾಕ್ಟರರ ಕೈಗುಣ

ಸಮುದ್ರಕ್ಕೆ ಶೀತವಾದರೂ ಮೊದಲು ತಮ್ಮನ್ನೇ ಕೇಳಬೇಕು ಎನ್ನುತ್ತಿದ್ದರು, ಸಾಕುಮೀನಿನ ಅಂಗಡಿಯ ಮೀನು ಡಾಕ್ಟರು. ಆದರೆ ಉಪ್ಪುನೀರಿನ ತೊಟ್ಟಿಗೆ ಹೊಸದಾಗಿ ಬಂದ ರಾಸ್ ಎಂಬ ಜಾತಿಯ ಆರು ಮೀನುಗಳಲ್ಲಿ ಐದು ಒಂದೇ ವಾರದಲ್ಲಿ ಸತ್ತವು. ಮೈಮೇಲೆ ಚುಕ್ಕೆಯಿಲ್ಲ, ಗಾಯವಿಲ್ಲ. ಉಪ್ಪು, ಬಿಸಿ ಎಲ್ಲ ಅಳೆದು ಅಳೆದು ಡಾಕ್ಟರೇ ಅರ್ಧ ಸವೆದುಹೋದರು.

“ಇದೊಂದೂ ಹೋದ್ರೆ ನಾಳೆಯಿಂದ ನೀವೂ ಮನೇಲಿರಿ,” ಎಂದಿದ್ದ ಅಂಗಡಿಯ ಯಜಮಾನ.

ರಾಸ್ ಮಲಗುವುದು ಮರಳಿನೊಳಗೆ ಹೂತುಕೊಂಡು. ಬದುಕಿವೆಯೋ ಇಲ್ಲವೋ ಎಂಬ ದಿಗಿಲಿಗೆ ಡಾಕ್ಟರು ಅವು ಬಂದಂದಿನಿಂದಲೂ ದಿನವೂ ಬೆಳಗ್ಗೆ ತೊಟ್ಟಿಗೆ ಕೈಯಿಳಿಸಿ ಮರಳು ಕೆದಕುತ್ತಿದ್ದರು. ಮೊದಲೇ ಮೂವತ್ತು ವರ್ಷದ ಮೊಣಕೈ ನೋವು. ಕೆದಕಿದಷ್ಟೂ ನೋವು, ನೋವಾದಷ್ಟೂ ಮುಲಾಮು. ಅಂದು ತಿಂಡಿಯ ಡಬ್ಬಿ ತಂದ ಹೆಂಡತಿ, ನೀರಿಗಿಳಿಯುತ್ತಿದ್ದ ಆ ಕೈಯನ್ನು ಗಪ್ಪನೆ ಹಿಡಿದಳು.

“ಅಯ್ಯೋ, ಮುಲಾಮು ಹಚ್ಚಿದ ಕೈನಾ ದಿನಾ ಅದ್ದಿದ್ದು? ಆ ಖಾರವೆಲ್ಲ ನೀರಿಗೇ ಹೋಯ್ತಲ್ರೀ!”

ಡಾಕ್ಟರು ಕೈಯನ್ನು ಉಜ್ಜಿ ಉಜ್ಜಿ ತೊಳೆದರು. ಆಮೇಲೆ ತೊಟ್ಟಿಯ ನೀರು ಬದಲಿಸಿದರು, ಮರಳು ಮುಟ್ಟಲಿಲ್ಲ. ಮೂರನೆಯ ದಿನ ಕೊನೆಯ ರಾಸ್ ತಾನಾಗಿಯೇ ಮರಳಿನಿಂದ ತಲೆಯೆತ್ತಿತು.

“ಸಮುದ್ರದ ಶೀತ ನೋಡೋರಿಗೆ ಸ್ವಂತ ಕೈ ವಾಸನೆ ಗೊತ್ತಾಗ್ಲಿಲ್ವಾ?” ಎಂದಳು ಹೆಂಡತಿ.

“ಮೂವತ್ತು ವರ್ಷ ಇದೇ ವಾಸನೆ ಪಕ್ಕ ಮಲಗಿ ನೀನು ಗುಂಡುಕಲ್ಲಿನ ಹಾಗಿದ್ದೀಯಲ್ಲೇ,” ಎಂದರು ಡಾಕ್ಟರು ಸುಸ್ತಾಗಿ. “ಮೀನಿಗೇನಾಗುತ್ತೆ ಅಂದ್ಕೊಂಡೆ.”