ಟಗರಿನ ಸುತ್ತ ಎಳೆದ ಗೆರೆ

ಪಾಪಗಳಲ್ಲೂ ಮರ್ಯಾದೆಯ ಪಾಪಗಳಿವೆ. ಜನ ರಾಜ್ಯ ಕದ್ದಿದ್ದಾರೆ, ದೇವರ ಒಡವೆ ಕದ್ದಿದ್ದಾರೆ. ನಾನು ಕದ್ದಿದ್ದು ಒಂದು ಟಗರಿನ ಊಟ. ಈ ವಯಸ್ಸಿನಲ್ಲಿ ಅದನ್ನು ಹೇಳಿಕೊಂಡರೆ ಮೊಮ್ಮಕ್ಕಳು ನಗುತ್ತಾರೆ, ನಗಲಿ. ಹೇಳದೆ ಸತ್ತರೆ ಮೇಲಿನ ಬಾಗಿಲಲ್ಲಿ ಆ ಟಗರೇ ಕೊಂಬು ತಗ್ಗಿಸಿ ನಿಂತಿರುತ್ತದೆ ಎಂಬ ಹೆದರಿಕೆ ನನ್ನದು.

ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ದೊಡ್ಡ ಊರಿನ ಇಂಜಿನಿಯರಿಂಗ್ ಕಾಲೇಜೊಂದರ ಕೆಮಿಕಲ್ ವಿಭಾಗದಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗಬೇಕಾದರೆ ವಿಭಾಗದ ಪ್ರೊಫೆಸರು ಒಂದು ಮಾತು ಹೇಳಬೇಕಿತ್ತು. ಅವರ ಮನೆ ಚನ್ನಗಿರಿಯಲ್ಲಿ. ಅದರ ಹಿತ್ತಿಲ ಕೋಣೆಯಲ್ಲಿ ನನ್ನ ವಾಸ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಅವರು ಡ್ರೈವರ್ ಹಿಂದಿನ ಸೀಟಿನಲ್ಲಿ, ನಾನು ಬಾಗಿಲ ಹತ್ತಿರ.

ಅವರ ಪಾಠ ಕೇಳಲು ಬೇರೆ ವಿಭಾಗದ ಹುಡುಗರೂ ಬಂದು ಹಿಂದೆ ನಿಲ್ಲುತ್ತಿದ್ದರು. ಪಾಠ ಶುರುವಾಗುವುದು ಇಂಗ್ಲಿಷಿನಲ್ಲಿ. ಬಿಸಿ ಏರಿದ ಮೇಲೆ ಚನ್ನಗಿರಿ ಹೊರಗೆ ಬರುತ್ತಿತ್ತು. ಬೋರ್ಡಿನ ಮೇಲೆ ಒಂದು ಡೊಂಕು ಚೌಕ ಎಳೆದು ಹೇಳುವರು: "ಇಡೀ ಶಾಸ್ತ್ರ ಇಷ್ಟೇ ಕಣ್ರಪ್ಪ. ಗೆರೆ ಒಳಗೆ ಹೋಗಿದ್ದು ಹೊರಗೆ ಬರಬೇಕು, ಇಲ್ಲ ಒಳಗೇ ಉಳೀಬೇಕು. ಮೂರನೇದು ಇಲ್ಲ. ಮೂರನೇದು ಐತೆ ಅಂತ ಯಾರಾದ್ರೂ ಹೇಳಿದ್ರೆ ಅವನ ಜೇಬು ನೋಡ್ರಿ."

ಆ ದಿನಗಳಲ್ಲಿ ನನ್ನ ಜೇಬಿನಲ್ಲಿ ಬಾದಾಮಿ ಇರುತ್ತಿತ್ತು.

ಪ್ರೊಫೆಸರಿಗೆ ಪಾಠಕ್ಕಿಂತ ದೊಡ್ಡ ಹುಚ್ಚು ಟಗರಿನ ಕಾಳಗ. ಕಾಳಗದ ಟಗರು ಸಾಕುವವರೆಲ್ಲ ಕಣ್ಣಳತೆಯಲ್ಲಿ ಮೇಯಿಸುತ್ತಾರೆ, ತಾವು ಶಾಸ್ತ್ರಬದ್ಧವಾಗಿ ಮೇಯಿಸಿ ಹೊನ್ನಾಳಿಯ ಕಾಳಗ ಗೆಲ್ಲುವುದಾಗಿ ಹೇಳಿ ಒಂದು ಕರಿ ಟಗರು ತಂದು ಹಿತ್ತಿಲಲ್ಲಿ ಕಟ್ಟಿದರು. ಅವರ ಹೆಂಡತಿ, ನಾನು ಅಮ್ಮಾರು ಅನ್ನುತ್ತಿದ್ದೆ, ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಅವರು ಒಂದೇ ಮಾತು ಹೇಳಿದರು.

"ಸಾಕ್ಕೊಳ್ರಿ. ಆದ್ರೆ ಸೋತು ಬಂದ್ರೆ ಅದು ಈ ಹಿತ್ತಿಲಿಗೆ ಕಾಲಿಡಂಗಿಲ್ಲ."

ಕಾಳಗದಲ್ಲಿ ಒಮ್ಮೆ ಬೆನ್ನು ತಿರುಗಿಸಿದ ಟಗರನ್ನು ಮತ್ತೆ ಯಾರೂ ಕಣಕ್ಕೆ ಇಳಿಸುವುದಿಲ್ಲ. ಅದನ್ನು ಕೊಳ್ಳುವವನು ಕಸಾಯಿ ಮಾತ್ರ. ಹಾಗಾಗಿ ಅಮ್ಮಾರ ಮಾತಿನ ಅರ್ಥ ಏನೆಂದು ನಮಗೆಲ್ಲ ಗೊತ್ತಿತ್ತು, ಟಗರೊಂದನ್ನು ಬಿಟ್ಟು.

ಮೇವಿನ ಹೊಣೆ ನನ್ನದು. ನೆನೆಸಿದ ಹುರುಳಿ, ಹಾಲು, ಬಾದಾಮಿ, ಬೇಯಿಸಿದ ಮೊಟ್ಟೆ. ಮೊಟ್ಟೆ ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆದ್ದರಿಂದ ಬಸ್ಸು ಕೆರೆಬಿಳಚಿಯಲ್ಲಿ ನಿಂತಾಗ ಕೊಂಡು, ಲ್ಯಾಬಿನ ಗಾಜಿನ ಬೀಕರಿನಲ್ಲಿ ಬೇಯಿಸಿ, ಟಿಫಿನ್ ಡಬ್ಬಿಯಲ್ಲಿ ತಂದು ಹಿತ್ತಿಲ ಗೋಡೆಯಾಚೆ ಟಗರಿಗೆ ತಿನ್ನಿಸುವುದು ನಮ್ಮ ಏರ್ಪಾಡು. ಡಬ್ಬಿ ನನ್ನ ತೊಡೆಯ ಮೇಲೆ, ದಾರಿ ದೂರ, ಬಸ್ಸು ನಿಧಾನ. ಬಾದಾಮಿಯನ್ನಂತೂ ಅಲ್ಲಿಯವರೆಗೆ ನಾನು ಮದುವೆ ಮನೆಯ ಪಾಯಸದಲ್ಲಿ ಮಾತ್ರ ನೋಡಿದ್ದೆ, ಅದೂ ಪಕ್ಕದ ಎಲೆಯಲ್ಲಿ. ಮೊದಲು ರುಚಿ ನೋಡಿದೆ. ಆಮೇಲೆ ಪಾಲು ಮಾಡಿದೆ. ಕೊನೆಗೆ ಟಗರಿಗೆ ರುಚಿ ತೋರಿಸಿದೆ.

ಪ್ರೊಫೆಸರು ಬೋರ್ಡಿನ ಮೇಲೆ ಟಗರು ಬರೆದು ಸುತ್ತ ಗೆರೆ ಎಳೆದರು. ತಿಂದದ್ದರ ತೂಕ ಒಂದು ಕಡೆ, ಹಾಕಿದ ಹಿಕ್ಕೆಯ ತೂಕ ಇನ್ನೊಂದು ಕಡೆ, ಟಗರಿನ ಮೈತೂಕ ನಡುವೆ. ಹಿಕ್ಕೆ ತಂದು ಲ್ಯಾಬಿನ ತಕ್ಕಡಿಯಲ್ಲಿ ತೂಗುವವನೂ ನಾನೇ. ಲೆಕ್ಕ ಕೂಡಲಿಲ್ಲ.

"ಎಲ್ಲಿಗೆ ಹೋಗ್ತೈತಲೇ ಇದು?" ಎಂದು ಬಸ್ಸಿನಲ್ಲಿ ನನ್ನನ್ನೇ ಕೇಳಿದರು.

"ಬೆವರಿನಾಗೆ ಹೋಗ್ತೈತೇನೋ ಸರ್."

"ಇಷ್ಟು ಬೆವರಿದ್ರೆ ಅದು ಟಗರಲ್ಲಲೇ, ಹೊಳೆ."

ಹಿಕ್ಕೆ ಎಲ್ಲೋ ಉದುರಿಹೋಗುತ್ತಿದೆ ಎಂದು ಗೋಣಿತಾಟಿನ ಚೀಲ ಹೊಲಿಸಿ ಟಗರಿನ ಹಿಂದೆ ಕಟ್ಟಿದರು. ಅಮ್ಮಾರು ಅದನ್ನು ನೋಡಿ ನಿಂತಲ್ಲೇ ನಿಂತರು. "ನಮ್ಮ ಕೂಸಿಗೆ ಒಂದು ದಿನ ಲಂಗೋಟಿ ಕಟ್ಟಿದೋರಲ್ಲ ನೀವು," ಎಂದು ಒಳಗೆ ಹೋದರು. ಚೀಲ ಕಟ್ಟಿದರೂ ಲೆಕ್ಕ ಕೂಡಲಿಲ್ಲ. ಒಂದು ದಿನ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಸರ್, ಒಂದು ಡೌಟು. ಟಗರು ಬಡವಾಗ್ತಾ ಐತೆ, ನಮ್ಮ ಅಟೆಂಡರ್ ಅಣ್ಣ ದುಂಡಗಾಗ್ತಾ ಅದಾನೆ. ಇದಕ್ಕೆ ಫಾರ್ಮುಲಾ ಐತೇನು?"

ಕ್ಲಾಸು ನಕ್ಕಿತು. ಪ್ರೊಫೆಸರೂ ನಕ್ಕರು. ನಾನೂ ನಕ್ಕೆ, ಆದರೆ ನನ್ನ ಅಂಗಿಯ ಗುಂಡಿ ಬಿಗಿಯಾಗಿದ್ದು ಆಗಲೇ ಗಮನಕ್ಕೆ ಬಂತು.

ಮಾನವಂತನಾಗಿದ್ದರೆ ತಿನ್ನುವುದನ್ನು ಬಿಡುತ್ತಿದ್ದೆ. ನಾನು ಲೆಕ್ಕ ಕೂಡಿಸಲು ಹೊರಟೆ. ಸುಗ್ಗಿ ಮುಗಿದ ಮೇಲೆ ಜಗಳೂರು ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ನಮ್ಮ ಕಡೆ ಬಂದು, ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾರೆ. ಊರಾಚೆಯ ಹೊಲದಲ್ಲಿ ಅಂಥ ಒಂದು ಮಂದೆ ಇತ್ತು. ಕುರಿಗಾರ ಅಜ್ಜನಿಗೆ ಹೂವಿನ ಗಿಡಕ್ಕೆ ಎಂದು ಹೇಳಿ ಕೈಚೀಲ ತುಂಬ ಹಿಕ್ಕೆ ಆರಿಸಿ ತಂದು ಟಗರಿನ ಲಂಗೋಟಿಗೆ ಸುರಿಯತೊಡಗಿದೆ. ಕದ್ದ ಬಾದಾಮಿಗೆ ಬದಲು ಹಿಕ್ಕೆ ತುಂಬಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಲೆಕ್ಕ ಕೂಡಿತು. ಪ್ರೊಫೆಸರು ಇಡೀ ಕ್ಲಾಸಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿದರು. ಸಂಜೆ ಬಸ್ಸಿನಲ್ಲಿ ಮಾತ್ರ ಯೋಚನೆಯಲ್ಲಿದ್ದರು. "ಅಲ್ಲಲೇ, ತಿಂದಿದ್ದೆಲ್ಲ ಹಂಗಂಗೇ ಹೊರಗೆ ಬರ್ತೈತಿ ಅಂದ್ರೆ ಮೈಗೆ ಹತ್ತಾ ಇಲ್ಲ. ಹೊಟ್ಟೆ ಕೆಟ್ಟೈತಿ ಇದರದ್ದು."

ಮರುದಿನದಿಂದ ಮೊಟ್ಟೆ, ಬಾದಾಮಿ, ಹಾಲು ಎಲ್ಲ ಬಂದ್. ಓಮದ ಕಷಾಯ ಮತ್ತು ತೆಳು ಗಂಜಿ. ಹೀಗೆ ನನ್ನ ಪಾಲೂ ಹೋಯಿತು, ಟಗರಿನದೂ ಹೋಯಿತು. ನಾನಾದರೂ ಊಟ ಮಾಡುತ್ತಿದ್ದೆ. ಅದರ ಪಕ್ಕೆಲುಬು ಕಾಣತೊಡಗಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೆಲಸ ಕಾಯಂ ಆಗಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಹೊನ್ನಾಳಿಯ ಹೊಳೆದಂಡೆಯಲ್ಲಿ ಕಾಳಗ. ನಮ್ಮ ಹುಡುಗರೂ ಬಂದಿದ್ದರು, ಶಿಳ್ಳೆ ಹಾಕಲು. ನಮ್ಮ ಟಗರು ಮೊದಲ ಗುದ್ದಿಗೆ ನಿಂತಿತು. ಎರಡನೆಯದಕ್ಕೆ ಮುಂಗಾಲು ಮಡಿಸಿತು. ಮತ್ತೆ ಎದ್ದು, ಎದುರಾಳಿಯನ್ನು ಒಮ್ಮೆ ನೋಡಿ, ತಿರುಗಿ, ಜನರ ನಡುವೆ ನಡೆದು ನೇರ ನನ್ನ ಹತ್ತಿರ ಬಂದು ಅಂಗಿಯ ಜೇಬಿಗೆ ಮೂತಿ ತೂರಿಸಿತು.

"ಏ, ಜಗಳ ಆಡಾಕೆ ಬಂದೈತೋ, ಬೀಡಿ ಕೇಳಾಕೆ ಬಂದೈತೋ?" ಎಂದು ಯಾರೋ ಕೂಗಿದರು. ಹೊಳೆದಂಡೆಯೆಲ್ಲ ನಕ್ಕಿತು. ಅದು ಬಾದಾಮಿಯ ವಾಸನೆ ಹುಡುಕುತ್ತಿದೆ ಎಂದು ನನಗೊಬ್ಬನಿಗೇ ಗೊತ್ತು.

ಕಸಾಯಿ ಬಂದು ಹಗ್ಗ ಹಿಡಿದ. ಈ ಟಗರು ಹೇಡಿಯಲ್ಲ, ಹಸಿದಿದೆ, ಎಂದು ನಾನು ಆಗ ಹೇಳಬೇಕಿತ್ತು. ಜೇಬು ಮುಚ್ಚಿಕೊಂಡು ನಿಂತೆ. ಪ್ರೊಫೆಸರೇ ಹಗ್ಗ ಬಿಡಿಸಿಕೊಂಡರು. "ಬ್ಯಾಡಪ್ಪ. ಇಷ್ಟು ದಿನ ತೂಗಿದೀನಿ ಇದನ್ನ, ನಿನ್ನ ತಕ್ಕಡಿಗೆ ಹಾಕಾಕೆ ಮನಸ್ಸಿಲ್ಲ."

ಮನೆಗೆ ಒಯ್ಯುವಂತಿಲ್ಲ. ಲಾರಿಯಲ್ಲಿ ಚನ್ನಗಿರಿ ಸೇರುವ ಮೊದಲೇ ಅವರಿಗೆ ಊರಾಚೆಯ ಮಂದೆ ಕಣ್ಣಿಗೆ ಬಿತ್ತು. ಲಾರಿ ನಿಲ್ಲಿಸಿ ಕುರಿಗಾರ ಅಜ್ಜನನ್ನು ಕರೆದರು. ನಾನು ಲಾರಿಯ ಹಿಂದೆ ಸರಿದೆ. ಟಗರನ್ನು ಮಂದೆಗೆ ಸೇರಿಸಿಕೊಂಡು ಜಗಳೂರಿಗೆ ಹೊಡೆದುಕೊಂಡು ಹೋಗು, ದುಡ್ಡು ಬೇಡ, ಕೊಯ್ಯಬೇಡ ಅಂದರು. ಅಜ್ಜ ಅದರ ಹಲ್ಲು ನೋಡಿ, ಬೆನ್ನು ಒತ್ತಿ ನೋಡಿ, ಆಮೇಲೆ ನನ್ನನ್ನೂ ನೋಡಿಬಿಟ್ಟ.

"ಇವರು ನಿಮ್ಮೋರೇನ್ರಿ? ಚೀಲ ತುಂಬ ಹಿಕ್ಕೆ ಒಯ್ತಿದ್ರಲ್ಲ. ಹೂವಿನ ಗಿಡ ಹೆಂಗದಾವಣ್ಣ?"

ಪ್ರೊಫೆಸರು ನನ್ನ ಕಡೆ ತಿರುಗಲಿಲ್ಲ. ಟಗರಿನ ಬೆನ್ನು ಒಮ್ಮೆ ಸವರಿ, "ಚೆನ್ನಾಗಿ ಮೇಯ್ಸು ಯಜಮಾನ, ಇದಕ್ಕೆ ಹೊಟ್ಟೆ ಕೆಟ್ಟಿಲ್ಲ," ಎಂದರು.

ಮರುದಿನ ಕ್ಲಾಸಿನಲ್ಲಿ ಟಗರಿನ ಚಿತ್ರ ಮತ್ತೆ ಬರೆದರು. ಸುತ್ತ ಗೆರೆ ಎಳೆದು, ಅದನ್ನು ಕೈಯಲ್ಲೇ ಒರೆಸಿ, ಇನ್ನೊಂದು ದೊಡ್ಡ ಗೆರೆ ಎಳೆದರು. ಟಗರಿನ ಪಕ್ಕದಲ್ಲಿ ಟಿಫಿನ್ ಡಬ್ಬಿ ಹಿಡಿದ ಒಬ್ಬ ಮನುಷ್ಯನನ್ನು ಬರೆದರು. "ಪದಾರ್ಥ ಎಲ್ಲೂ ಹೋಗಿರಲಿಲ್ಲ ಕಣ್ರಪ್ಪ. ಗೆರೆ ನಾನು ಸಣ್ಣದು ಎಳೆದಿದ್ದೆ." ಹುಡುಗರು ಈ ಸಲ ನಗಲಿಲ್ಲ. ಪಾಠ ಮುಗಿದ ಮೇಲೆ ಬೋರ್ಡು ಒರೆಸುವುದು ನನ್ನ ಕೆಲಸ. ಒರೆಸಿದೆ.

ಸಂಜೆ ಬಸ್ಸಿನಲ್ಲಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಚೀಲದಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಉಳಿದ ಬಾದಾಮಿ.

"ತಿನ್ನಲೇ. ಇನ್ನು ಯಾರೂ ತೂಗಲ್ಲ."

ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು, ಅವರದೇ ಮಾತಿನಿಂದ. ಅವರು ತೀರಿಕೊಳ್ಳುವವರೆಗೂ ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಸಂಜೆ ಕೆರೆಬಿಳಚಿಯವರೆಗೆ ಪೊಟ್ಟಣ ಹಿಡಿದುಕೊಂಡೇ ಕೂತಿದ್ದೆ. ಅಲ್ಲಿಂದ ಮುಂದೆ ಒಂದೊಂದೇ ತಿಂದೆ. ರುಚಿಯಾಗಿಯೇ ಇದ್ದವು. ನನಗೆ ಇಂದಿಗೂ ನಾಚಿಕೆಯಾಗುವುದು ಅದಕ್ಕೆ.